ಟ್ಯೂಬಾ ಮೌತ್‌ಪೀಸ್: ದೊಡ್ಡ ವಾದ್ಯಕ್ಕೆ ಆಯ್ಕೆ

ಟ್ಯೂಬಾ ಎಂಬ ಹಿತ್ತಾಳೆ ಊದುವಾದ್ಯದ ತುದಿಗೆ ಸಿಕ್ಕಿಸುವ, ಬೇಕೆಂದಾಗ ಕಳಚಬಹುದಾದ ಲೋಹದ ಬಟ್ಟಲಿಗೆ ಟ್ಯೂಬಾ ಮೌತ್‌ಪೀಸ್ ಎನ್ನುತ್ತಾರೆ. ವಾದಕನ ತುಟಿ ವಾದ್ಯವನ್ನು ಮುಟ್ಟುವುದು ಇಲ್ಲೊಂದೇ ಕಡೆ. ಆರ್ಕೆಸ್ಟ್ರಾದ ದೊಡ್ಡ ಟ್ಯೂಬಾ ಹತ್ತು ಕೆ.ಜಿ.ಗೂ ಮಿಕ್ಕಿ ತೂಗುತ್ತದೆ, ಅದರ ಮೌತ್‌ಪೀಸ್ ಮಾತ್ರ ಅಂಗೈಯಲ್ಲಿ ಹಿಡಿಸುತ್ತದೆ. ಆದರೂ ನಾದದ ಬಣ್ಣ, ಶ್ರುತಿಯ ಸ್ಥಿರತೆ, ಉಸಿರಿನ ಖರ್ಚು, ತುಟಿಯ ದಣಿವು ಈ ನಾಲ್ಕರ ಮೇಲೂ ಅದರ ಅಳತೆಯ ಪ್ರಭಾವವಿದೆ. ವಾದ್ಯ ಬದಲಿಸಲು ಲಕ್ಷಗಟ್ಟಲೆ ರೂಪಾಯಿ ಬೇಕು, ಮೌತ್‌ಪೀಸಿಗೆ ಸಾವಿರಗಳಲ್ಲಿ ಮುಗಿಯುತ್ತದೆ. ಹಾಗಾಗಿ ತಮ್ಮ ನಾದ ಸುಧಾರಿಸಬೇಕೆನ್ನುವ ವಾದಕರು ಮೊದಲು ಕೈಹಾಕುವುದು ಇದಕ್ಕೇ. ಒಮ್ಮೊಮ್ಮೆ ಅತಿಯಾಗಿಯೂ ಕೈಹಾಕುತ್ತಾರೆ.

ಕರ್ನಾಟಕದಲ್ಲಿ ಟ್ಯೂಬಾ ಮತ್ತು ಅದರ ಬಳಗದ ವಾದ್ಯಗಳಿಗೆ ನೆಲೆ ಸಿಕ್ಕಿರುವುದು ಮುಖ್ಯವಾಗಿ ಪೊಲೀಸ್ ಮತ್ತು ಸೇನಾ ಬ್ಯಾಂಡುಗಳಲ್ಲಿ. ಮೈಸೂರಿನ ಪೊಲೀಸ್ ಬ್ಯಾಂಡು, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಬೆಳಗಾವಿಯ ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್ ಇದರ ಪರಿಚಿತ ತಾಣಗಳು. ಬ್ಯಾಂಡಿನ ಬಳಕೆಯಲ್ಲಿ ಈ ವಾದ್ಯಕ್ಕೆ ಬೇಸ್ ಎಂದೇ ಹೆಸರು. ಮೌತ್‌ಪೀಸಿನ ಆಯ್ಕೆ ಕುರಿತು ಹೊರದೇಶಗಳಲ್ಲಿ ಬೆಳೆದ ಸಲಹೆಯ ಬಹುಭಾಗ ಮುಚ್ಚಿದ, ತಂಪಾದ ಸಭಾಂಗಣದಲ್ಲಿ ಕುಳಿತು ನುಡಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ನಮ್ಮ ಬೇಸ್ ವಾದಕರು ಹೆಚ್ಚಾಗಿ ಬಯಲಲ್ಲಿ, ಬಿಸಿಲಲ್ಲಿ, ನಿಂತು ಅಥವಾ ನಡೆಯುತ್ತ ನುಡಿಸುವವರು. ಆ ಸಲಹೆಯಲ್ಲಿ ಯಾವುದನ್ನು ಇದ್ದ ಹಾಗೇ ಒಪ್ಪಬೇಕು, ಯಾವುದನ್ನು ಇಲ್ಲಿಗೆ ತಕ್ಕಂತೆ ತಿದ್ದಿಕೊಳ್ಳಬೇಕು ಎಂಬುದನ್ನೂ ಈ ಲೇಖನ ನೋಡುತ್ತದೆ.

ತುಟಿಯಿಂದ ಊದುವ ಪರಂಪರೆ

ತುಟಿಯಿಂದ ಊದುವ ವಾದ್ಯ ನಮ್ಮಲ್ಲಿ ಹೊಸದಲ್ಲ. ಗದಗ ಜಿಲ್ಲೆಯ ಗಜೇಂದ್ರಗಡವನ್ನೇ ನೋಡಿ, ಅದು ಆರ್ಕೆಸ್ಟ್ರಾದ ಊರಲ್ಲ. ಗುಡ್ಡ, ಕೋಟೆ, ಕೈಮಗ್ಗದ ಊರು. 1787ರಲ್ಲಿ ಮರಾಠರಿಗೂ ಟಿಪ್ಪು ಸುಲ್ತಾನನಿಗೂ ನಡೆದ ಒಪ್ಪಂದಕ್ಕೆ ಈ ಊರಿನ ಹೆಸರೇ ಇದೆ. ದಂಡು ನಡೆದ ಕಡೆಯಲ್ಲೆಲ್ಲ ಕೊಂಬು ಕಹಳೆ ಮೊಳಗುತ್ತಿದ್ದವು. ದಂಡು ಹೋದ ಮೇಲೂ ತೇರು, ಪಲ್ಲಕ್ಕಿ, ಉತ್ಸವಗಳಲ್ಲಿ ಅವು ಉಳಿದುಕೊಂಡವು. ಉತ್ತರ ಕರ್ನಾಟಕದ ಮೆರವಣಿಗೆಯಲ್ಲಿ ಎರಡು ಬಗೆಯ ಊದುವಾದ್ಯಗಳು ಅಕ್ಕಪಕ್ಕ ನಡೆಯುತ್ತವೆ. ಕರಡಿ ಮಜಲಿನ ಸನಾದಿಯಲ್ಲಿ ಕಂಪಿಸುವುದು ಬಾಯಲ್ಲಿ ಹಿಡಿದ ಜೋಡಿ ಪದರದ ರೀಡ್. ಕೊಂಬು ಕಹಳೆಗಳಲ್ಲಿ ಕಂಪಿಸುವುದು ಊದುವವನ ತುಟಿಯೇ. ಟ್ಯೂಬಾ ಈ ಎರಡನೆಯ ವರ್ಗದ್ದು. ಕೊಂಬಿನವನಿಗೆ ಮೌತ್‌ಪೀಸ್ ಆರಿಸುವ ತಾಪತ್ರಯವಿಲ್ಲ. ಊದುವ ತುದಿ ವಾದ್ಯದ ಅಂಗವೇ ಆಗಿರುತ್ತದೆ, ಕಂಚುಗಾರ ಮಾಡಿಕೊಟ್ಟದ್ದಕ್ಕೆ ತುಟಿ ಹೊಂದಿಕೊಳ್ಳಬೇಕು. ಬೆರಳೆಣಿಕೆಯ ಸ್ವರಗಳಲ್ಲೇ ಕೊಂಬಿನ ಕೆಲಸ ಮುಗಿಯುವುದರಿಂದ ಅದು ನಡೆದೂ ಹೋಗುತ್ತದೆ. ಮೂರು ಸ್ಥಾಯಿಗೂ ಮೀರಿ, ಮೇಳದ ಉಳಿದವರ ಶ್ರುತಿಗೆ ಕೂಡಿಕೊಂಡು ಪ್ರತಿ ಸ್ವರವನ್ನೂ ನುಡಿಸಬೇಕಾದ ಟ್ಯೂಬಾದಲ್ಲಿ ಅಷ್ಟು ಸುಲಭವಿಲ್ಲ.

ಅಂಗಗಳು ಮತ್ತು ಅವುಗಳ ಕೆಲಸ

ಮೌತ್‌ಪೀಸಿನಲ್ಲಿ ತುಟಿ ಕೂರುವ ದುಂಡನೆಯ ಅಂಚಿಗೆ ರಿಮ್ ಎನ್ನುತ್ತಾರೆ. ಅದರೊಳಗೆ ಬಟ್ಟಲು, ಬಟ್ಟಲಿನ ತಳದಲ್ಲಿ ಎಲ್ಲಕ್ಕಿಂತ ಕಿರಿದಾದ ರಂಧ್ರ, ಅಂದರೆ ಕೊರಳು. ಕೊರಳಿನಾಚೆ ನಿಧಾನಕ್ಕೆ ಅಗಲವಾಗುತ್ತ ಹೋಗುವ ಒಳಕೊಳವೆ ಬ್ಯಾಕ್‌ಬೋರ್. ಇವನ್ನೆಲ್ಲ ಹೊತ್ತು ವಾದ್ಯದೊಳಕ್ಕೆ ಇಳಿಯುವ ಹೊರಮೈ ಶ್ಯಾಂಕ್. ಟ್ಯೂಬಾದ ಬಟ್ಟಲಿನ ಒಳವ್ಯಾಸ ಸಾಮಾನ್ಯವಾಗಿ 30ರಿಂದ 34 ಮಿ.ಮೀ.; ಕೊರಳು 7.5ರಿಂದ 8.5 ಮಿ.ಮೀ. ಆಸುಪಾಸು. ಟ್ರಂಪೆಟ್‌ನ ಬಟ್ಟಲು 16-17 ಮಿ.ಮೀ., ಮದುವೆ ಬ್ಯಾಂಡುಗಳಲ್ಲಿ ಕಾಣುವ ಯುಫೋನಿಯಂನದು ಸುಮಾರು 26 ಮಿ.ಮೀ. ಯುಫೋನಿಯಂನಿಂದ ಟ್ಯೂಬಾಕ್ಕೆ ಬರುವವನಿಗೆ ಮೊದಮೊದಲು ಬಾಯಿಗೆ ಆಧಾರವೇ ಇಲ್ಲದಂತೆ ಅನ್ನಿಸುವುದು ಈ ಆರೇಳು ಮಿಲಿಮೀಟರ್ ಹೆಚ್ಚಳದಿಂದ.

ಧ್ವನಿವಿಜ್ಞಾನದ ದೃಷ್ಟಿಯಲ್ಲಿ ಬಟ್ಟಲು ಮತ್ತು ಕೊರಳು ಸೇರಿ ಒಂದು ಅನುರಣಕ. ಮೌತ್‌ಪೀಸನ್ನು ಬಾಯಿ ಕೆಳಗಾಗಿ ಅಂಗೈಗೆ ತಟ್ಟಿದರೆ ಬರುವ ಪೊಳ್ಳು ಸದ್ದೇ ಅದರ ಸ್ವಂತ ಸ್ವರ. ಅಮೆರಿಕದ ಭೌತವಿಜ್ಞಾನಿ ಆರ್ಥರ್ ಬೆನೇಡ್ 1976ರ ತನ್ನ ಸಂಗೀತ ಧ್ವನಿವಿಜ್ಞಾನದ ಗ್ರಂಥದಲ್ಲಿ ಇದರ ಪರಿಣಾಮವನ್ನು ಬಿಡಿಸಿ ವಿವರಿಸಿದ್ದಾನೆ. ಕೆಳಸ್ವರಗಳಲ್ಲಿ ಮೌತ್‌ಪೀಸ್ ಅಷ್ಟೇ ಘನ ಅಳತೆಯ ಇನ್ನೊಂದು ತುಂಡು ಕೊಳವೆಯಂತೆ ವರ್ತಿಸುತ್ತದೆ. ಸ್ವರ ಮೇಲೇರುತ್ತ ತನ್ನ ಸ್ವಂತ ಸ್ವರದ ಹತ್ತಿರ ಬಂದಂತೆ ಆ ತುಂಡು ಉದ್ದವಾಗುತ್ತ ಹೋದ ಪರಿಣಾಮ ಕಾಣುತ್ತದೆ. ಹಾಗಾಗಿ ಬಟ್ಟಲು ಆಳವಾದಷ್ಟೂ ಮೇಲಿನ ಸ್ವರಗಳು ಕೆಳಗೆ ಜಗ್ಗುತ್ತವೆ. ತೀರಾ ಚಿಕ್ಕದಾದರೆ ಅವು ಏರುತ್ತವೆ. ಒಂದು ಮೌತ್‌ಪೀಸ್ ಒಂದು ವಾದ್ಯದಲ್ಲಿ ಶ್ರುತಿಬದ್ಧವಾಗಿದ್ದು ಇನ್ನೊಂದರಲ್ಲಿ ಕೈಕೊಡುವುದು ವಾದಕನ ಭ್ರಮೆಯಲ್ಲ, ಅದರ ಹಿಂದೆ ಲೆಕ್ಕವಿದೆ.

ಬಟ್ಟಲಿನ ಆಕಾರದಲ್ಲಿ ಎರಡು ಮುಖ್ಯ ಬಗೆ. ಒಂದು, ತಳ ದುಂಡಗಿರುವ ಬೋಗುಣಿಯ ಆಕಾರ. ಇನ್ನೊಂದು, ಅಂಚಿನಿಂದಲೇ ಇಳಿಜಾರಾಗಿ ಕೊರಳಿಗೆ ಸೇರುವ ಆಲಿಕೆಯ ಆಕಾರ. ಬೋಗುಣಿ ಸ್ವರವನ್ನು ಚುರುಕಾಗಿ ಹೊರಡಿಸುತ್ತದೆ, ಸ್ವರದ ಮೊನೆ ಎದ್ದು ಕೇಳುತ್ತದೆ. ಆಲಿಕೆಯಲ್ಲಿ ನಾದ ಹರವಾಗಿ, ಗಾಢವಾಗಿ ಬರುತ್ತದೆ. ಆದರೆ ಸ್ವರಕ್ಕೆ ಅಂಚು ಕೊಡುವ ಕೆಲಸವನ್ನು ನಾಲಿಗೆ ಮತ್ತು ಉಸಿರು ವಹಿಸಿಕೊಳ್ಳಬೇಕು. ಮಾರುಕಟ್ಟೆಯ ಬಹುತೇಕ ಮಾದರಿಗಳು ಈ ಎರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತವೆ.

ದೊಡ್ಡ ಟ್ಯೂಬಾ ಎಂದರೆ ಎಷ್ಟು ದೊಡ್ಡದು

ವಿಲ್ಹೆಲ್ಮ್ ವೀಪ್ರೆಷ್ಟ್ ಮತ್ತು ಯೋಹಾನ್ ಗಾಟ್‌ಫ್ರೀಡ್ ಮೊರಿಟ್ಸ್ 1835ರ ಸೆಪ್ಟೆಂಬರ್ 12ರಂದು ಪ್ರಷ್ಯಾದಲ್ಲಿ ಪೇಟೆಂಟ್ ಪಡೆದ ಮೊದಲ ಟ್ಯೂಬಾ ಎಫ್ ಶ್ರುತಿಯದು; ಇಂದಿನ ಕಣ್ಣಿಗೆ ಸಣ್ಣದು. ಬೊಹೀಮಿಯಾದ ಚೆರ್ವೆನಿ 1845ರ ಹೊತ್ತಿಗೆ ಇನ್ನೂ ಕೆಳಗಿನ ಕಾಂಟ್ರಾಬೇಸ್ ಟ್ಯೂಬಾ ಮಾಡಿದ. ಈಗ ನಾಲ್ಕು ಶ್ರುತಿಗಳು ಬಳಕೆಯಲ್ಲಿವೆ: ಸುಮಾರು 12 ಅಡಿ ಕೊಳವೆಯ ಎಫ್, 13 ಅಡಿಯ ಇ-ಫ್ಲ್ಯಾಟ್, 16 ಅಡಿಯ ಸಿ, 18 ಅಡಿಯ ಬಿ-ಫ್ಲ್ಯಾಟ್. ಕೊನೆಯ ಎರಡನ್ನು ಕಾಂಟ್ರಾಬೇಸ್ ಎನ್ನುತ್ತಾರೆ. 18 ಅಡಿ ಕೊಳವೆಯ ಮೂಲಸ್ವರ ಸೆಕೆಂಡಿಗೆ 29 ಕಂಪನ. ಮನುಷ್ಯನ ಕಿವಿಯ ಕೆಳಮಿತಿಯೇ 20ರ ಹತ್ತಿರ ಎಂಬುದನ್ನು ನೆನೆದರೆ ಈ ವಾದ್ಯ ಎಲ್ಲಿ ಕೆಲಸ ಮಾಡುತ್ತದೆಂಬುದು ಗೊತ್ತಾಗುತ್ತದೆ.

ಒಂದೇ ಶ್ರುತಿಯಲ್ಲೂ ಮೈಗಾತ್ರ ಬೇರೆಬೇರೆ. ತಯಾರಕರು ಅದನ್ನು 3/4, 4/4, 5/4, 6/4 ಎಂದು ಗುರುತಿಸುತ್ತಾರೆ. ಕೇಳಲು ಗಣಿತದಂತಿದ್ದರೂ ಇದಕ್ಕೆ ಸರ್ವಸಮ್ಮತ ಅಳತೆಗೋಲಿಲ್ಲ. ಒಬ್ಬರ 5/4 ಇನ್ನೊಬ್ಬರ 4/4 ಆಗಿರಬಹುದು. ಕೊಳವೆಯ ಉದ್ದ ಒಂದೇ. ಹಿಗ್ಗುತ್ತ ಹೋಗುವ ಕೊಳವೆಯ ದಪ್ಪ ಮತ್ತು ಬೆಲ್ಲಿನ (ಕೊಳವೆಯ ತೆರೆದ ಬಾಯಿಯ) ಅಗಲ ಬೇರೆ. 6/4 ವಾದ್ಯಗಳ ಬೆಲ್ಲು 20 ಇಂಚಿನ ಆಸುಪಾಸು ಇರುತ್ತದೆ. ನೂರು ವಾದಕರ ಆರ್ಕೆಸ್ಟ್ರಾದಲ್ಲಿ ಬ್ರುಕ್ನರ್, ಮಾಲರ್, ಪ್ರೊಕೋಫಿಯೆವ್‌ರ ಸಿಂಫನಿಗಳ ತಳಹದಿಯನ್ನು ಒಬ್ಬನೇ ಹೊರಬೇಕಾದಾಗ ಈ ಗಾತ್ರ ಬೇಕಾಗುತ್ತದೆ.

ಹೆಲ್ಲೆಬರ್ಗ್ ಮತ್ತು ಯಾರ್ಕ್

ಈ ವಿಷಯದ ಇತಿಹಾಸದಲ್ಲಿ ತಪ್ಪದೆ ಎದುರಾಗುವ ಹೆಸರು ಆಗಸ್ಟ್ ಹೆಲ್ಲೆಬರ್ಗ್. ಡೆನ್ಮಾರ್ಕ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ಸೂಸಾ ಬ್ಯಾಂಡಿನಲ್ಲಿಯೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿಯೂ ನುಡಿಸಿದ ಈ ವಾದಕನ ಹೆಸರಿನಲ್ಲಿ ಕಾನ್ ಕಂಪನಿ ಆಲಿಕೆಯಾಕಾರದ ಮೌತ್‌ಪೀಸನ್ನು ತಯಾರಿಸಿತು. ನೂರು ವರ್ಷ ಕಳೆದರೂ ಅದು ಮಾರಾಟದಲ್ಲಿದೆ. ಇಂದು ಅಂಗಡಿಯಲ್ಲಿ ಸಿಗುವ ದೊಡ್ಡ ಟ್ಯೂಬಾದ ಮೌತ್‌ಪೀಸುಗಳಲ್ಲಿ ಅದರ ವಂಶದವೇ ಬಹಳ.

ಆರ್ನಲ್ಡ್ ಜೇಕಬ್ಸ್ 1944ರಿಂದ 1988ರವರೆಗೆ ಶಿಕಾಗೊ ಸಿಂಫನಿಯ ಟ್ಯೂಬಾ ವಾದಕ. ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್‌ನ ಯಾರ್ಕ್ ಕಂಪನಿ 1930ರ ದಶಕದಲ್ಲಿ ಫಿಲಡೆಲ್ಫಿಯಾ ಆರ್ಕೆಸ್ಟ್ರಾದ ಫಿಲಿಪ್ ಡೊನಾಟೆಲ್ಲಿಗಾಗಿ ಮಾಡಿದ್ದ ಬೃಹತ್ ಸಿ ಟ್ಯೂಬಾ ಜೇಕಬ್ಸನ ಕೈಸೇರಿತು. ಡೊನಾಟೆಲ್ಲಿಗೆ ಅದು ಒಗ್ಗಿರಲಿಲ್ಲ. ಜೇಕಬ್ಸ್ ಅದನ್ನು 175 ಡಾಲರಿಗೆ ಕೊಂಡ. ಇಂದಿನ 6/4 ಟ್ಯೂಬಾಗಳಲ್ಲಿ ಹಲವು ಆ ಯಾರ್ಕಿನ ನಕಲುಗಳು. ಇಷ್ಟು ದೊಡ್ಡ ವಾದ್ಯಕ್ಕೆ ಜೇಕಬ್ಸ್ ಹಚ್ಚಿದ್ದು ದೈತ್ಯ ಮೌತ್‌ಪೀಸನ್ನಲ್ಲ, ಹೆಲ್ಲೆಬರ್ಗ್ ವಂಶದ್ದನ್ನೇ. ಆತನ ಪಾಠಗಳಲ್ಲಿ ಲೋಹಕ್ಕಿಂತ ಉಸಿರಿಗೆ, ಉಸಿರಿಗಿಂತ ತಲೆಯೊಳಗೆ ಕೇಳಿಸಬೇಕಾದ ಸ್ವರಕ್ಕೆ ಹೆಚ್ಚಿನ ಜಾಗವಿತ್ತು. ಮೌತ್‌ಪೀಸಿನ ಚರ್ಚೆ ಮಿತಿಮೀರಿದಾಗ ನೆನಪಿಸಿಕೊಳ್ಳಲು ಇದು ಒಳ್ಳೆಯ ಉದಾಹರಣೆ.

ಮೈಸೂರಿನ ನಂಟು

ಮೈಸೂರು ಅರಮನೆಯಲ್ಲಿ ಕರ್ನಾಟಕ ಬ್ಯಾಂಡ್ ಮತ್ತು ಇಂಗ್ಲಿಷ್ ಬ್ಯಾಂಡ್ ಎಂದು ಎರಡು ಮೇಳಗಳಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜರ್ಮನಿಯ ಒಟ್ಟೊ ಶ್ಮಿಟ್ ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸಿದರು. ಸಂಸ್ಥಾನದ ಗೀತೆ ‘ಕಾಯೌ ಶ್ರೀಗೌರಿ’ ಬ್ಯಾಂಡಿನ ಹಿತ್ತಾಳೆಯಲ್ಲಿ ಮೊಳಗಿದ್ದು ಈ ಪರಂಪರೆಯಲ್ಲೇ. ಸಂಸ್ಥಾನ ಕಳೆದ ಮೇಲೆ ಬ್ಯಾಂಡು ಪೊಲೀಸ್ ಇಲಾಖೆಗೆ ಸೇರಿತು. ದಸರೆಯ ದಿನಗಳಲ್ಲಿ ಅರಮನೆಯ ಮುಂದೆ ನುಡಿಸುವ ಪೊಲೀಸ್ ಬ್ಯಾಂಡುಗಳು ಇಂದಿಗೂ ಆ ನೆನಪನ್ನು ಉಳಿಸಿವೆ.

ಜಯಚಾಮರಾಜ ಒಡೆಯರು ಈ ನಂಟನ್ನು ಇನ್ನೂ ದೂರ ಒಯ್ದರು. ಸ್ವತಃ ಪಿಯಾನೊ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಪದವಿ ಪಡೆದ ಅವರು 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದದ್ದು ಮೈಸೂರು ಮಹಾರಾಜರ ಹಣದ ಬೆಂಬಲದಿಂದ. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದ ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕೃತಿಯ ವಾದ್ಯಪಟ್ಟಿಯಲ್ಲಿ ಟ್ಯೂಬಾ ಕೂಡ ಇದೆ. ಅಲ್ಲಿ ಅದು ಅಬ್ಬರಿಸುವುದಿಲ್ಲ, ಟ್ರೊಂಬೋನುಗಳ ಕೆಳಗೆ ಮೆಲ್ಲಗೆ ತಳ ಹಾಕುತ್ತದೆ. ದೊಡ್ಡ ಟ್ಯೂಬಾದ ಮೌತ್‌ಪೀಸಿಗೆ ನಿಜವಾದ ಪರೀಕ್ಷೆ ಇಂಥ ಮೆಲುದನಿಯ ಪುಟಗಳಲ್ಲೇ. ಜೋರಾಗಿ ಊದಿದರೆ ಯಾವ ಮೌತ್‌ಪೀಸಾದರೂ ಕೂಗುತ್ತದೆ.

ಮೊದಲು ಶ್ಯಾಂಕ್

ಆಯ್ಕೆಯಲ್ಲಿ ಎಲ್ಲಕ್ಕೂ ಮೊದಲು ನೋಡಬೇಕಾದದ್ದನ್ನೇ ಹೆಚ್ಚಿನವರು ಕೊನೆಗೆ ನೋಡುತ್ತಾರೆ. ಅದು ಶ್ಯಾಂಕ್, ಅಂದರೆ ಮೌತ್‌ಪೀಸ್ ವಾದ್ಯದ ರಿಸೀವರಿನೊಳಗೆ (ಅದನ್ನು ಹಿಡಿಯುವ ಕೊಳವೆಯೊಳಗೆ) ಸರಿಯಾಗಿ ಕೂರುತ್ತದೆಯೆ ಎಂಬುದು. ಅಮೆರಿಕನ್ ಅಳತೆಯ ಶ್ಯಾಂಕ್ ತುದಿಯಲ್ಲಿ ಸುಮಾರು 13.2 ಮಿ.ಮೀ., ಯುರೋಪಿಯನ್ ಅಳತೆಯದು ಸುಮಾರು 14 ಮಿ.ಮೀ. ಹಳೆಯ ಬ್ರಿಟಿಷ್ ವಾದ್ಯಗಳಲ್ಲಿ ಇವೆರಡಕ್ಕಿಂತಲೂ ಸಣ್ಣದಿರುತ್ತದೆ. ಮುಕ್ಕಾಲು ಮಿಲಿಮೀಟರ್ ವ್ಯತ್ಯಾಸಕ್ಕೆ ಏನು ಮಹಾ ಎನ್ನಿಸಬಹುದು. ಆದರೆ ಶ್ಯಾಂಕ್ ಕಿರಿದಾಗುತ್ತ ಹೋಗುವ ಪ್ರಮಾಣ ಸುಮಾರು 20ಕ್ಕೆ 1. ಹಾಗಾಗಿ ಅಡ್ಡಳತೆಯ ಮುಕ್ಕಾಲು ಮಿ.ಮೀ. ಎಂದರೆ ಒಳಗಿಳಿಯುವ ಆಳದಲ್ಲಿ ಸುಮಾರು 15 ಮಿ.ಮೀ. ಸರಿಯಾದ ಜೋಡಿಯಲ್ಲಿ ಮೌತ್‌ಪೀಸ್ ಇಳಿಯುವುದೇ 25 ಮಿ.ಮೀ. ಆಸುಪಾಸು, ಅದರಲ್ಲಿ ಅರ್ಧಕ್ಕೂ ಮಿಕ್ಕಿದ ಅಂತರ ಸಣ್ಣದಲ್ಲ.

ಯುರೋಪಿಯನ್ ಶ್ಯಾಂಕನ್ನು ಅಮೆರಿಕನ್ ರಿಸೀವರಿಗೆ ಹಾಕಿದರೆ ಅದು ಹೊರಗೇ ನಿಲ್ಲುತ್ತದೆ. ಕೊಳವೆ ಉದ್ದವಾಗಿ, ಒಳಗೆ ದೊಡ್ಡ ತೆರಪು ಬಿದ್ದು ಸ್ವರಗಳು ಜಾರುತ್ತವೆ. ಅಮೆರಿಕನ್ನನ್ನು ಯುರೋಪಿಯನ್ನಿಗೆ ಹಾಕಿದರೆ ಆಳಕ್ಕಿಳಿದು ವಾದ್ಯದ ಮೊದಲ ಕೊಳವೆಯಾದ ಲೀಡ್‌ಪೈಪಿನ ತುದಿಗೆ ತಗಲುತ್ತದೆ, ಇಲ್ಲವೇ ಅಲುಗಾಡುತ್ತದೆ. ಅಲುಗಾಡುವ ಶ್ಯಾಂಕಿಗೆ ಕಾಗದ ಸುತ್ತಿ ಬಿಗಿ ಮಾಡಿಕೊಂಡರೆ ಒಂದು ಕಾರ್ಯಕ್ರಮ ದಾಟಬಹುದು, ಅಷ್ಟೆ. ಬಟ್ಟಲಿನ ಆಳ, ಬೆಳ್ಳಿ, ಚಿನ್ನ ಎಂದು ತಲೆಕೆಡಿಸಿಕೊಳ್ಳುವ ಮುನ್ನ ಮೌತ್‌ಪೀಸನ್ನು ಮೆಲ್ಲಗೆ ಸಿಕ್ಕಿಸಿ ಅಕ್ಕಪಕ್ಕ ಆಡಿಸಿ ನೋಡಬೇಕು. ಒಂದಿಷ್ಟೂ ಆಡಬಾರದು. ನಾದ ಕೆಟ್ಟಿದೆ ಎಂಬ ದೂರುಗಳಲ್ಲಿ ಎಷ್ಟೋ ಇಲ್ಲೇ ಬಗೆಹರಿಯುತ್ತವೆ.

ಮುಖಕ್ಕೆ ರಿಮ್, ವಾದ್ಯಕ್ಕೆ ಬಟ್ಟಲು

ರಿಮ್ ಆರಿಸುವುದು ಮುಖ ನೋಡಿ. ತುಟಿಯ ದಪ್ಪ, ಹಲ್ಲಿನ ಸಾಲು, ದವಡೆಯ ಇಳಿಜಾರು ಒಬ್ಬೊಬ್ಬರದು ಒಂದೊಂದು ಬಗೆ. ಅಗಲ ರಿಮ್ ತುಟಿಯ ಮೇಲಿನ ಒತ್ತಡವನ್ನು ಹಂಚುತ್ತದೆ, ಬಹಳ ಹೊತ್ತು ನುಡಿಸಬಹುದು. ಆದರೆ ಮೇಲಿನ ಸ್ವರದಿಂದ ಕೆಳಕ್ಕೆ ಹಾರುವಾಗ ತುಟಿಯ ಚಲನೆಗೆ ಅಡ್ಡಿ. ಕಿರಿದಾದ ರಿಮ್ ಚುರುಕು, ಆದರೆ ತುಟಿಗೆ ಕಚ್ಚುತ್ತದೆ. ಒಳ ಅಂಚು ಚೂಪಾಗಿದ್ದರೆ ಸ್ವರ ಸ್ಪಷ್ಟ, ದುಂಡಗಿದ್ದರೆ ಹಿತ. ರಿಮ್ ಒಗ್ಗಿತೋ ಇಲ್ಲವೋ ಎಂಬುದು ಅಂಗಡಿಯ ಐದು ನಿಮಿಷದಲ್ಲಿ ತಿಳಿಯುವುದಿಲ್ಲ. ಹೊಸ ಮೌತ್‌ಪೀಸ್ ಮೊದಲ ದಿನ ಬಹುಮಟ್ಟಿಗೆ ಚೆನ್ನಾಗಿಯೇ ಅನ್ನಿಸುತ್ತದೆ. ತುಟಿ ದಣಿದ ಮೇಲೆ, ವಾರವೆರಡು ವಾರದ ರಿಹರ್ಸಲ್ ಆದ ಮೇಲೆ ಅದರ ನಿಜಗುಣ ಹೊರಬೀಳುತ್ತದೆ.

ಬಟ್ಟಲು ಮತ್ತು ಕೊರಳನ್ನು ಆರಿಸುವುದು ವಾದ್ಯ ನೋಡಿ. ದೊಡ್ಡ ವಾದ್ಯಕ್ಕೆ ದೊಡ್ಡ ಮೌತ್‌ಪೀಸ್ ಎಂಬ ಸರಳ ಲೆಕ್ಕ ಅರ್ಧ ಮಾತ್ರ ಸರಿ. 4/4 ಗಾತ್ರದ ಬಿ-ಫ್ಲ್ಯಾಟಿಗೆ ಆಳವಾದ ಬಟ್ಟಲು ಹರವು ಕೊಡುತ್ತದೆ, ನಿಜ. ಆದರೆ 6/4 ವಾದ್ಯದ ಮೈಯಲ್ಲೇ ಹರವು ತುಂಬಿರುತ್ತದೆ. ಅದಕ್ಕೆ ಅತಿ ಆಳದ, ಅಗಲ ಕೊರಳಿನ ಮೌತ್‌ಪೀಸ್ ಹಾಕಿದರೆ ಹರವಿನ ಮೇಲೆ ಹರವು ಸೇರಿ ಸ್ವರದ ಮೊನೆ ಕಳೆದುಹೋಗುತ್ತದೆ. ವಾದಕನ ಕಿವಿಗೆ ಸಮುದ್ರದಂತೆ ತುಂಬಿ ಕೇಳುವ ನಾದ ಹಿಂದಿನ ಸಾಲಿನ ಕುರ್ಚಿಗೆ ತಲುಪುವ ಹೊತ್ತಿಗೆ ಯಾವ ಸ್ವರವೆಂದೇ ತಿಳಿಯದ ಗುಮ್ಮೆನ್ನುವ ಸದ್ದಾಗಿರುತ್ತದೆ. ಇದರ ಜೊತೆಗೆ ಉಸಿರಿನ ಪ್ರಶ್ನೆ. ಹಿತ್ತಾಳೆ ವಾದ್ಯಗಳಲ್ಲಿ ಟ್ಯೂಬಾದಷ್ಟು ಗಾಳಿ ಬೇಡುವುದು ಇನ್ನೊಂದಿಲ್ಲ. ಕೊರಳು ಅರ್ಧ ಮಿ.ಮೀ. ಅಗಲವಾದರೂ ನಾಲ್ಕು ಸ್ವರ ಮೊದಲೇ ಉಸಿರು ಎಳೆದುಕೊಳ್ಳಬೇಕಾಗುತ್ತದೆ. ಹಾಗಾಗಿ ದೊಡ್ಡ ಟ್ಯೂಬಾಕ್ಕೆ ಮಧ್ಯಮ ಅಥವಾ ತುಸು ದೊಡ್ಡ ವ್ಯಾಸದ, ಆಲಿಕೆಯಾಕಾರದ, ಕೊರಳು ಅತಿಯಾಗಿ ತೆರೆಯದ ಮಾದರಿಯಿಂದ ಶುರುಮಾಡುವುದು ಒಳ್ಳೆಯದು ಎಂಬುದು ಈ ಲೇಖಕನ ಅಭಿಪ್ರಾಯ. ಅಲ್ಲಿಂದ ಬೇಕಾದರೆ ಅತ್ತಿತ್ತ ಸರಿಯಬಹುದು.

ತೀರಾ ಸಣ್ಣದಕ್ಕೆ ಹೋಗುವುದೂ ತೊಂದರೆಯೇ. ಆಳವಿಲ್ಲದ ಬಟ್ಟಲಿನಿಂದ ಮೇಲಿನ ಸ್ವರಗಳು ಸಲೀಸಾಗುತ್ತವೆ, ಕೆಳಗಿನವು ಬಡವಾಗುತ್ತವೆ. ಮುಸೋರ್ಗ್‌ಸ್ಕಿಯ ಚಿತ್ರಪ್ರದರ್ಶನ ಕೃತಿಯನ್ನು 1922ರಲ್ಲಿ ಆರ್ಕೆಸ್ಟ್ರಾಕ್ಕೆ ಇಳಿಸಿದ ರವೆಲ್ ಎತ್ತಿನ ಗಾಡಿಯ ಭಾಗದಲ್ಲಿ ಟ್ಯೂಬಾಕ್ಕೆ ಎತ್ತರದ ಏಕವಾದನ ಬರೆದಿದ್ದಾನೆ. ಅದು ಆಗಿನ ಫ್ರೆಂಚ್ ವಾದಕರ ಸಣ್ಣ ಸಿ ಟ್ಯೂಬಾಕ್ಕೆ ಬರೆದದ್ದು. ದೊಡ್ಡ ಟ್ಯೂಬಾಕ್ಕೆ ಸಣ್ಣ ಮೌತ್‌ಪೀಸ್ ಸಿಕ್ಕಿಸಿ ಅದನ್ನು ದಾಟಲು ನೋಡುವವರಿದ್ದಾರೆ. ಅಂಥ ಪುಟಕ್ಕೆ ಯುಫೋನಿಯಂ ಅಥವಾ ಎಫ್ ಟ್ಯೂಬಾ ಎತ್ತಿಕೊಳ್ಳುವ ಇನ್ನೊಂದು ರೂಢಿಯೇ ಹೆಚ್ಚು ವಿವೇಕದ್ದು.

ಸಂಖ್ಯೆಗಳ ಗೊಂದಲ

ತಯಾರಕರು ಕೊಡುವ ಸಂಖ್ಯೆಗಳಲ್ಲಿ ಏಕರೂಪವಿಲ್ಲ. ಬಾಕ್ ಮತ್ತು ಡೆನಿಸ್ ವಿಕ್ ಕಂಪನಿಗಳಲ್ಲಿ ಸಂಖ್ಯೆ ಹೆಚ್ಚಿದಂತೆ ಬಟ್ಟಲು ಸಣ್ಣದಾಗುತ್ತದೆ. ಬಾಕ್ 18 ಸುಮಾರು 32.5 ಮಿ.ಮೀ., ಬಾಕ್ 24-ಎ-ಡಬ್ಲ್ಯು ಸುಮಾರು 31.25. ಶಿಲ್ಕಿ ಮತ್ತು ಯಮಹಾದಲ್ಲಿ ತದ್ವಿರುದ್ಧ: 66ಕ್ಕಿಂತ 67 ದೊಡ್ಡದು. ಡ್ಯಾನಿಯಲ್ ಪೆರಾಂಟೋನಿ ಮತ್ತು ರಾಬರ್ಟ್ ಟುಚ್ಚಿ ಎಂಬ ಇಬ್ಬರ ಹೆಸರು ಕೂಡಿಸಿದ ಪೆರಾಂಟುಚ್ಚಿ ಸಾಲಿನಲ್ಲಿ ಪಿಟಿ-64 ಎಫ್ ಟ್ಯೂಬಾದವರ ನೆಚ್ಚಿನದು, ಪಿಟಿ-88 ದೊಡ್ಡ ಸಿ ಟ್ಯೂಬಾದವರದು; ಆ ಸಂಖ್ಯೆ ನೋಡಿ ಅಳತೆ ಊಹಿಸಲು ಸಾಧ್ಯವಿಲ್ಲ. ಸಾಲದ್ದಕ್ಕೆ, ಒಳವ್ಯಾಸವನ್ನು ಅಂಚಿನಿಂದ ಎಷ್ಟು ಕೆಳಗೆ ಅಳೆಯಬೇಕೆಂಬುದರಲ್ಲೂ ಒಮ್ಮತವಿಲ್ಲ. ಇಬ್ಬರು ತಯಾರಕರ 32.5 ಮಿ.ಮೀ. ತುಟಿಗೆ ಎರಡು ಬೇರೆ ಗಾತ್ರಗಳಾಗಿಯೇ ಹತ್ತಬಹುದು. ಕ್ಯಾಟಲಾಗ್ ಓದಿ ತರಿಸಿಕೊಳ್ಳುವುದಕ್ಕಿಂತ ಜೊತೆಯ ವಾದಕರಿಂದ ಎರವಲು ಪಡೆದು ಊದಿ ನೋಡುವುದು ಮೇಲು.

ಪರೀಕ್ಷಿಸುವ ಬಗೆ

ಪರೀಕ್ಷೆಗೆ ವೇಗದ ಪಾಠಗಳು ಬೇಕಿಲ್ಲ. ಕೆಳಸ್ಥಾಯಿಯಲ್ಲಿ ಮೆಲ್ಲಗೆ ಒಂದು ಸ್ವರ ಹೊರಡಿಸಬೇಕು. ಹೇಳಿದ ಕ್ಷಣಕ್ಕೆ ಹೊರಟಿತೋ, ಉಸಿರಿನ ಸದ್ದಾದ ಮೇಲೆ ಹೊರಟಿತೋ ಗಮನಿಸಬೇಕು. ಅದೇ ಸ್ವರವನ್ನು ಸ್ಥಾಯಿ ಸ್ಥಾಯಿಯಾಗಿ ಮೇಲೆತ್ತಿ ಟ್ಯೂನರಿನಲ್ಲಿ ಶ್ರುತಿ ನೋಡಬೇಕು. ಮೇಲಿನವು ಕ್ರಮವಾಗಿ ಇಳಿಯುತ್ತಿದ್ದರೆ ಬಟ್ಟಲು ಆ ವಾದ್ಯಕ್ಕೆ ದೊಡ್ಡದು. ಆಮೇಲೆ ಅತಿ ಮುಖ್ಯವಾದದ್ದು: ಇನ್ನೊಬ್ಬರನ್ನು ಸಭಾಂಗಣದ ಹಿಂದೆ ನಿಲ್ಲಿಸಿ, ಯಾವ ಮೌತ್‌ಪೀಸ್ ಎಂದು ಹೇಳದೆ, ಎರಡು ಮೂರನ್ನು ಅದಲುಬದಲಾಗಿ ನುಡಿಸಿ ಕೇಳಿಸಬೇಕು. ಟ್ಯೂಬಾದ ಬೆಲ್ಲು ಮೇಲ್ಮುಖ. ಅದರ ನಾದ ಛಾವಣಿಗೆ ಹೋಗಿ ಅಲ್ಲಿಂದ ಕೇಳುಗರಿಗೆ ಇಳಿಯುತ್ತದೆ. ಅಡಿಯಲ್ಲಿ ಕುಳಿತ ವಾದಕನಿಗೆ ತನ್ನ ನಾದದ ಪೂರ್ಣ ರೂಪ ಗೊತ್ತೇ ಆಗುವುದಿಲ್ಲ. ವಾದಕನಿಗೆ ತೀರಾ ಒರಟಾಗಿ, ಸಪೂರವಾಗಿ ಕೇಳಿದ ಮೌತ್‌ಪೀಸೇ ದೂರದವರಿಗೆ ಹಿಡಿಸುವುದು ಅಪರೂಪವೇನಲ್ಲ.

ಬಯಲಿನ ಬೇಸ್

ಈಗ ನಮ್ಮ ಬಯಲಿನ ಮಾತು. ಮೈಸೂರಿನ ಬನ್ನಿಮಂಟಪದ ಮೈದಾನದಲ್ಲೋ ಪಥಸಂಚಲನದಲ್ಲೋ ನಾದ ಬಡಿದು ಮರಳಲು ಛಾವಣಿಯಿಲ್ಲ. ನಡೆಯುವ ಬ್ಯಾಂಡುಗಳು ಈಗ ಬಳಸುವ, ಭುಜಕ್ಕೆ ಸುತ್ತಿಕೊಳ್ಳುವ ಸೂಸಾಫೋನ್ 1890ರ ದಶಕದಲ್ಲಿ ಬಂತು. ಅದು ಶ್ರುತಿಯಲ್ಲಿ ಬಿ-ಫ್ಲ್ಯಾಟ್ ಟ್ಯೂಬಾವೇ, ಮೌತ್‌ಪೀಸೂ ಹೆಚ್ಚುಕಡಿಮೆ ಅದೇ. ಬಯಲಲ್ಲಿ ಹರವಿಗಿಂತ ಸ್ವರದ ಮೊನೆ ಮುಖ್ಯ. ಸಭಾಂಗಣಕ್ಕೆ ಆಲಿಕೆ ಬಳಸುವವರು ಬಯಲಿಗೆ ತುಸು ಬೋಗುಣಿಯತ್ತ ವಾಲಿದ, ರಿಮ್ ಅಗಲವಿರುವ ಇನ್ನೊಂದನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವಿದೆ. ಹೆಜ್ಜೆಯ ಕುಲುಕಾಟಕ್ಕೆ ಕಿರಿದಾದ ರಿಮ್ ತುಟಿಯನ್ನು ಗಾಯಮಾಡುತ್ತದೆ.

ಬಿಸಿಲು ಇನ್ನೊಂದು ಸಂಗತಿ. ಗಾಳಿಯ ಉಷ್ಣತೆ ಹತ್ತು ಡಿಗ್ರಿ ಏರಿದರೆ ಶಬ್ದದ ವೇಗ ಹೆಚ್ಚಿ, ಲೆಕ್ಕದ ಪ್ರಕಾರ ಕೊಳವೆಯ ಶ್ರುತಿ ಅರ್ಧಸ್ವರದ ಕಾಲುಭಾಗಕ್ಕಿಂತ ತುಸು ಹೆಚ್ಚೇ ಏರುತ್ತದೆ. ಗಜೇಂದ್ರಗಡ, ರೋಣದ ಕಡೆ ಏಪ್ರಿಲ್-ಮೇ ಮದುವೆ ಹಂಗಾಮಿನ ನಡುಹಗಲಿಗೂ ಬೆಳಗಿನ ಜಾವಕ್ಕೂ ಅಷ್ಟು ಅಂತರ ಸುಲಭವಾಗಿ ಇರುತ್ತದೆ. ಇದಕ್ಕೆ ಮದ್ದು ಎಳೆದು ಕೊಳವೆಯ ಉದ್ದ ಹೆಚ್ಚಿಸುವ ಟ್ಯೂನಿಂಗ್ ಸ್ಲೈಡ್. ಏರಿದ ಶ್ರುತಿಯನ್ನು ಆಳದ ಬಟ್ಟಲಿನಿಂದ ಇಳಿಸಲು ಹೊರಟರೆ ಮೇಲಿನ ಸ್ವರಗಳು ಮಾತ್ರ ಇಳಿದು, ಕೆಳಗಿನವು ಹೆಚ್ಚುಕಡಿಮೆ ಅಲ್ಲೇ ಉಳಿಯುತ್ತವೆ. ಹಳೆಯ ಬ್ರಿಟಿಷ್ ವಾದ್ಯಗಳದೂ ಇದೇ ಕತೆ. ಆ ಕಾಲದ ಬ್ರಿಟಿಷ್ ಸೇನಾ ಬ್ಯಾಂಡುಗಳ ಶ್ರುತಿ (ಎ ಸ್ವರ) ಇಂದಿನ ಸೆಕೆಂಡಿಗೆ 440 ಕಂಪನಕ್ಕಿಂತ ಮೇಲೆ, 452ರ ಆಸುಪಾಸು ಇತ್ತು. ಅಂಥ ಬೇಸನ್ನು ಇಂದಿನ ಶ್ರುತಿಗೆ ತರಲು ಸ್ಲೈಡಿಗೆ ತುಂಡು ಕೊಳವೆ ಬೆಸೆಸಬೇಕೇ ಹೊರತು ಮೌತ್‌ಪೀಸಿನಿಂದ ಆಗುವುದಿಲ್ಲ.

ಮದುವೆ ಬ್ಯಾಂಡುಗಳಿಗೆ ವಾದ್ಯ ಒದಗಿಸುವ ದೊಡ್ಡ ಕೇಂದ್ರ ಮೇರಠಿನ ಜಲಿ ಕೋಠಿ. ಅಲ್ಲಿನ ನಾದಿರ್ ಅಲಿ ಕಂಪನಿ 1885ರಿಂದ ಬ್ಯಾಂಡಿನ ವಾದ್ಯ ಮಾಡುತ್ತ ಬಂದಿದೆ. ಉತ್ತರ ಕರ್ನಾಟಕದ ಬ್ಯಾಂಡ್ ಕಂಪನಿಗಳಲ್ಲಿ ಕೆಳಸ್ಥಾಯಿಯ ಹೊಣೆ ಬಹುಪಾಲು ಯುಫೋನಿಯಂ ಮೇಲಿರುತ್ತದೆ. ಡಿಜೆ ಸ್ಪೀಕರುಗಳು ಬಂದ ಮೇಲೆ ದೊಡ್ಡ ಬೇಸಿಗೆ ಬೇಡಿಕೆ ಇನ್ನೂ ಕುಗ್ಗಿದೆ. ವಾದ್ಯ ಕಂಪನಿಯದು ಅಥವಾ ಇಲಾಖೆಯದಾಗಿ ಹಲವರ ಕೈದಾಟುವಾಗ ವಾದಕನಿಗೆ ತನ್ನದೆಂದು ಉಳಿಯಬಹುದಾದದ್ದು ಮೌತ್‌ಪೀಸ್ ಒಂದೇ. ಎಂಜಲಿನ ಕಾರಣಕ್ಕೂ, ತುಟಿಯ ಅಭ್ಯಾಸದ ಕಾರಣಕ್ಕೂ ಅದನ್ನು ಸ್ವಂತಕ್ಕೆ ಇಟ್ಟುಕೊಳ್ಳುವುದು ಸರಿ.

ಲೋಹ, ಲೇಪನ, ಜೋಪಾನ

ಸಾಮಾನ್ಯ ಮೌತ್‌ಪೀಸ್ ಹಿತ್ತಾಳೆಯದು, ಮೇಲೆ ಬೆಳ್ಳಿ ಲೇಪ. ಬೆಳ್ಳಿ ಒಗ್ಗದವರಿಗೆ ಚಿನ್ನದ ಲೇಪ ಅಥವಾ ಸ್ಟೇನ್‌ಲೆಸ್ ಸ್ಟೀಲ್. ನಿಕ್ಕಲ್ ಲೇಪನದಿಂದ ಕೆಲವರ ಚರ್ಮ ತುರಿಸುತ್ತದೆ. ಲೇಪ ಸವೆದು ಹಿತ್ತಾಳೆ ಕಾಣಿಸಿಕೊಂಡ ರಿಮ್ಮನ್ನು ಹಾಗೇ ಬಳಸಬಾರದು. ಹಿತ್ತಾಳೆಯಲ್ಲಿ ಸೀಸದ ಅಂಶವಿರಬಹುದು, ಬಾಯಿಗೆ ಒಳ್ಳೆಯದಲ್ಲ. ಪಾಲಿಕಾರ್ಬನೇಟ್ ಪ್ಲಾಸ್ಟಿಕ್ಕಿನವು ಅಗ್ಗ, ಹಗುರ. ಬಿಸಿಲಿಗೆ ಕಾಯುವುದಿಲ್ಲ, ಚಳಿಗೆ ಕೊರೆಯುವುದಿಲ್ಲ. ಪರೇಡಿಗೆ ಅವು ಕೆಟ್ಟ ಆಯ್ಕೆಯೇನಲ್ಲ. ಲೋಹ ಬದಲಾದರೆ ನಾದವೇ ಬದಲಾಗುತ್ತದೆ ಎಂಬ ಮಾರಾಟದ ಮಾತಿಗೆ ಒಳ ಅಳತೆಗಳಿಗೆ ಕೊಟ್ಟಷ್ಟು ಬೆಲೆ ಕೊಡಬೇಕಿಲ್ಲ.

ನುಡಿಸಿದ ಮೇಲೆ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು, ಕೊರಳು ಮತ್ತು ಬ್ಯಾಕ್‌ಬೋರಿಗೆ ಸಣ್ಣ ಬ್ರಷ್ ಹಾಯಿಸಿದರೆ ಸಾಕು. ಬೂದಿ ಅಥವಾ ಪಾತ್ರೆ ತಿಕ್ಕುವ ಪುಡಿ ಬೆಳ್ಳಿ ಲೇಪವನ್ನು ಎಬ್ಬಿಸುತ್ತದೆ. ಕೆಳಗೆ ಬಿದ್ದರೆ ಮೊದಲು ನೆಗ್ಗುವುದು ಶ್ಯಾಂಕಿನ ತುದಿ. ಅಲ್ಲಿ ದುಂಡು ಕೆಟ್ಟರೆ ರಿಸೀವರಿನಲ್ಲಿ ಕೂರುವಿಕೆ ಕೆಟ್ಟು ಆಯ್ಕೆಯೆಲ್ಲ ನೀರಿನಲ್ಲಿ ಹೋಮ. ರಿಪೇರಿಯವರು ಮೊನಚು ಉಕ್ಕಿನ ಅಚ್ಚು ತೂರಿಸಿ, ಮೆಲ್ಲಗೆ ತಟ್ಟಿ ಅದನ್ನು ದುಂಡಗೆ ಮಾಡಿಕೊಡುತ್ತಾರೆ. ಮೌತ್‌ಪೀಸನ್ನು ಸಿಕ್ಕಿಸುವಾಗ ಅಂಗೈಯಿಂದ ಹೊಡೆಯಬಾರದು, ತುಸು ತಿರುವಿ ಕೂರಿಸಬೇಕು. ಸಿಕ್ಕಿಬಿದ್ದರೆ ಇಕ್ಕಳ ಹಚ್ಚಿ ತಿರುಚಿದಲ್ಲಿ ಲೀಡ್‌ಪೈಪಿನ ಬೆಸುಗೆ ಬಿಟ್ಟುಬರುತ್ತದೆ. ಅದಕ್ಕೆಂದೇ ಇರುವ, ಎರಡೂ ಬದಿ ತಿರುಪು ಬಿಗಿದು ಎಳೆಯುವ ಪುಲ್ಲರ್ ಬ್ಯಾಂಡಿನ ಪೆಟ್ಟಿಗೆಯಲ್ಲಿ ಒಂದಾದರೂ ಇರಬೇಕು.